ತಾರಸಿಯ ಮೇಲಿನ ತಿಳಿನೀರು

ಗಾರೆ ಮೇಸ್ತ್ರಿ ತೊಟ್ಟಿಲಲ್ಲೇ ಅಳು ನಿಲ್ಲಿಸಿ, ಎದುರಿನ ಗೋಡೆ ಓರೆಯಾಗಿದೆಯೆಂದು ಬೆರಳು ತೋರಿಸಿದ್ದನಂತೆ. ಅಂದಿನಿಂದ ಅವನು ಕೂತದ್ದನ್ನು ಕಂಡವರಿಲ್ಲ. ನಿದ್ದೆಯಲ್ಲೂ ಕಾಲುಗಳು ಏಣಿ ಹತ್ತುತ್ತವೆ ಎಂಬುದು ಹೆಂಡತಿಯ ದೂರು.

ಅಂಥವನು ಈಗ ಕಾಲು ಗಂಟೆ ಸುಮ್ಮನಿರಬೇಕಾಗಿತ್ತು.

ಏಳು ತಿಂಗಳ ಬಸುರಿ ಮಗಳಿಗೆ ಬೆಳಗ್ಗೆಯಿಂದ ಚಳಿಜ್ವರ. ಪಕ್ಕದ ಮನೆಯ ಲಾರಿ ಡ್ರೈವರು ಮಲೇರಿಯಾದಲ್ಲಿ ಮಲಗಿ ವಾರವಾಗಿತ್ತು. ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನಾದಿನಿ ಬಂದು, ಮಗಳ ಬೆರಳು ಚುಚ್ಚಿ, ಪರೀಕ್ಷೆಯ ಪಟ್ಟಿಗೆ ಒಂದು ಹನಿ ರಕ್ತ ಬಿಟ್ಟಿದ್ದಳು.

“ಎಷ್ಟು ಗೆರೆ ಬಂತು?”

“ಭಾವ, ಇನ್ನೂ ಅರ್ಧ ನಿಮಿಷ ಆಗಿಲ್ಲ. ಅದರ ಮೇಲೆ ಉಸಿರು ಬಿಡಬೇಡಿ.”

“ಬಸುರಿಗೆ ಇದು ಬಂದ್ರೆ?”

“ತಾಯಿಗೂ ಕಷ್ಟ, ಮಗೂಗೂ ಕಷ್ಟ. ಅದಕ್ಕೇ ನೋಡ್ತಿರೋದು.”

ಮೇಸ್ತ್ರಿ ಚರಂಡಿಯವರೆಗೆ ಹೋದ, ಬಂದ. ಸೊಳ್ಳೆ ಹುಟ್ಟುವುದು ಕೊಚ್ಚೆಯಲ್ಲಿ ಎಂದು ಅವನ ಅವ್ವ ಹೇಳುತ್ತಿದ್ದಳು. ಅವನು ತಿಕ್ಕಿದ ಚರಂಡಿಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ತಿಕ್ಕಲು ಇನ್ನೇನೂ ಉಳಿಯದೆ ಏಣಿ ಹತ್ತಿದ. ಮೇಲೆ, ಮಗಳ ಬಾಣಂತನಕ್ಕೆಂದು ಕಟ್ಟಿದ ಕೋಣೆಯ ಹೊಸ ತಾರಸಿ. ಸುತ್ತ ಗಾರೆಯ ಬದು, ನಡುವೆ ಕಟ್ಟಿ ನಿಲ್ಲಿಸಿದ ನೀರು. ಇಪ್ಪತ್ತೊಂದು ದಿನ ನೀರು ಕುಡಿಯದ ಕಾಂಕ್ರೀಟು ಬಿರುಕು ಬಿಡುತ್ತದೆ ಎಂಬುದು ಅಪ್ಪನಿಂದ ಕಲಿತ ಪಾಠ. ಕಳೆದದ್ದು ಹನ್ನೆರಡೇ.

ಪಟ್ಟಿಯ ಕಾವಲಿಗೆ ಅಕ್ಕನನ್ನು ಕೂರಿಸಿ ನಾದಿನಿಯೂ ಹತ್ತಿ ಬಂದಳು. ಬಿಳಿ ಬಟ್ಟಲಲ್ಲಿ ಒಂದಿಷ್ಟು ನೀರು ಮೊಗೆದಳು.

“ಇಲ್ಲಿ ನೋಡಿ.”

ನೀರಿನ ಮೈಮೇಲೆ ನುಚ್ಚಕ್ಕಿಯಂಥ ಹುಳುಗಳು ಅಡ್ಡಡ್ಡ ಮಲಗಿದ್ದವು. ಬೆರಳು ಹತ್ತಿರ ಬಂದಾಗ ಸರಕ್ಕನೆ ಹಿಂದಕ್ಕೆ ಜಾರಿದವು.

“ತಿಳಿನೀರು ಕಣಮ್ಮಾ ಇದು! ನಾನೇ ಕುಡೀಬಹುದು!”

“ಮಲೇರಿಯಾ ಸೊಳ್ಳೆ ನಿಮಗಿಂತ ನಾಜೂಕು, ಭಾವ. ಕೊಚ್ಚೆ ಕಂಡ್ರೆ ಮೂಗು ಮುರಿಯುತ್ತೆ. ಇನ್ನೆರಡು ದಿನಕ್ಕೆ ಇವಕ್ಕೆ ರೆಕ್ಕೆ ಬರುತ್ತೆ. ಡ್ರೈವರನ್ನ ಕಚ್ಚಿ ಆಮೇಲೆ ಎಲ್ಲಿಗೆ ಬರ್ತಾವೆ, ಹೇಳಿ?”

ಕೆಳಗೆ ಮಗಳ ಹಲ್ಲು ಕಟಕಟಿಸುವುದು ಮೇಸ್ತ್ರಿಗೆ ಮೂರು ಬೀದಿಗೂ ಕೇಳುವಷ್ಟು ಜೋರಾಗಿ ಕೇಳಿಸಿತು.

“ತಾರಸಿ ಬಿರುಕು ಬಿಟ್ರೆ?”

“ತಾರಸಿಗೆ ನೀವೇ ಡಾಕ್ಟ್ರು. ಮಗಳಿಗೆ?”

ಮೇಸ್ತ್ರಿ ಕರಣೆ ತೆಗೆದು ಬದು ಒಡೆದ. ನೀರು ಧೋ ಎಂದು ಕಾದ ಬೀದಿಗೆ ಬಿತ್ತು. ಅಷ್ಟರಲ್ಲಿ ಹೆಂಡತಿ ಕೆಳಗಿನಿಂದ ಕೂಗಿದಳು: “ಒಂದೇ ಗೆರೆ ಕಣ್ರೀ!”

ಒಂದೇ ಗೆರೆ ಎಂದರೆ ಮಲೇರಿಯಾ ಕಂಡಿಲ್ಲ.

“ಇವತ್ತಿಗೆ ಇಲ್ಲ. ಸಂಜೆ ಡಾಕ್ಟರಿಗೆ ತೋರಿಸೋಣ. ಜ್ವರ ಬಿಡದಿದ್ರೆ ನಾಡಿದ್ದು ಮತ್ತೆ ಚುಚ್ಚಬೇಕು,” ಎಂದಳು ನಾದಿನಿ. “ಅವಳು ಸೊಳ್ಳೆಪರದೆ ಇಲ್ಲದೆ ಮಲಗಬಾರದು.”

ಮೇಸ್ತ್ರಿ ತಾರಸಿಗೆ ಗೋಣಿಚೀಲ ಹಾಸಿ ಕೊಡದಿಂದ ತೋಯಿಸತೊಡಗಿದ. ಹತ್ತಿದಾಗ ಚೀಲ ಮುಟ್ಟಿ ನೋಡುವನು, ಇಳಿದಾಗ ಮಗಳ ಹಣೆ. ಹೀಗೆ ಸಂಜೆಯೊಳಗೆ ಅವನು ಹತ್ತಿದ ಮೆಟ್ಟಿಲು ಸೇರಿಸಿದ್ದರೆ ಚಂದ್ರನ ಮೇಲೊಂದು ತಾರಸಿ ಹಾಕಿ ಬರಬಹುದಿತ್ತು.

“ಅಪ್ಪಾ, ಒದ್ದೆ ಕೈ! ಒರೆಸ್ಕೊಂಡಾದ್ರೂ ಮುಟ್ಟು,” ಎಂದಳು ಮಗಳು.

ಒರೆಸಿಕೊಂಡ, ಮುಟ್ಟಿದ. ಹಣೆ ಇನ್ನೂ ಬಿಸಿಯಾಗಿತ್ತು.

“ನಾಡಿದ್ದು ಅಂದ್ರೆ,” ನಾದಿನಿಯತ್ತ ತಿರುಗಿದ, “ಎಷ್ಟು ಗಂಟೆಗೆ?”