ವಂಶವೃಕ್ಷದಲ್ಲಿ ಇಲ್ಲದ ಮಗಳು

ಅಪ್ಪ ವಿಲ್ ಬರೆದಿದ್ದರು. ಶಿವಾಜಿನಗರದ ತಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಕೆಳಗಿಟ್ಟು ನನಗೇ ಹೇಳಿದ್ದರು: "ಹಲಸೂರು ಮನೆ ನಿಮ್ಮಿಬ್ರಿಗೂ ಸಮ ಕಣಮ್ಮ. ಬರೆದು ಬೀರೂಲಿಟ್ಟಿದೀನಿ." ಇಬ್ಬರೆಂದರೆ ನಾನು ಮತ್ತು ನನ್ನ ತಮ್ಮ. ಆ ಮನೆ ಅಪ್ಪ ಮಿಷನ್ ತುಳಿದೂ ತುಳಿದೂ ಕಟ್ಟಿಸಿದ್ದು.

ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿ ವಿಲ್ ಇರಲಿಲ್ಲ. ಸೀರೆಗಳ ಮಡಿಕೆಯನ್ನೆಲ್ಲ ಬಿಡಿಸಿ ಕೊಡವಿದೆವು. "ಏನ್ಮಾಡೋದಕ್ಕಾ, ಅಪ್ಪನ ಮಾತು ಅಪ್ಪನ ಜೊತೆಗೇ ಹೋಯ್ತು" ಎಂದ ತಮ್ಮ. ನಾನು ಅವನನ್ನೇ ಸಮಾಧಾನ ಮಾಡಿದೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ? ವಿಲ್ ಇಲ್ಲವೆಂದರೆ ಹೆಣ್ಣುಮಕ್ಕಳಿಗೆ ಏನೂ ಇಲ್ಲವೆಂದು ನಾನೂ ನಂಬಿದ್ದೆ. ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಮಗಳನ್ನು ಕಟ್ಟಿಕೊಂಡು ಒಂಟಿಯಾಗಿ ಬದುಕುತ್ತಿದ್ದ ನನಗೆ, ಸ್ವಂತದ್ದೆಂದು ಎಂದಾದರೂ ಸಿಗಬಹುದಾಗಿದ್ದದ್ದು ಆ ಪಾಲೊಂದೇ.

ನಮ್ಮ ಬೀದಿಯ ವಕೀಲೆಯೊಬ್ಬರು ಇದನ್ನು ಕೇಳಿ ನಕ್ಕುಬಿಟ್ಟರು. "ಯಾರ್ರೀ ಹೇಳಿದ್ದು? ನಿಮ್ ತಂದೆ ಸ್ವಂತ ದುಡಿಮೆ ಮನೆ ಅಲ್ವಾ? ವಿಲ್ ಇಲ್ದಿದ್ರೆ ಹೆಂಡ್ತಿ, ಮಗ, ಮಗಳು ಮೂರೂ ಜನಕ್ಕೂ ಸಮ. ವಂಶವೃಕ್ಷ ತಗೊಂಡ್ಬನ್ನಿ." ವಂಶವೃಕ್ಷವೆಂದರೆ ಸತ್ತವರಿಗೆ ಯಾರ್ಯಾರು ವಾರಸುದಾರರು ಎಂದು ಸರ್ಕಾರಿ ಕಚೇರಿಯಲ್ಲಿ ಬರೆದುಕೊಡುವ ಹಾಳೆ.

ಹಲಸೂರಿಗೆ ಹೋದೆ. ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. "ಅದನ್ನ ನಿನ್ ತಮ್ಮ ಆಗ್ಲೇ ಮಾಡ್ಸಿದಾನಲ್ಲ" ಎಂದು ಎದ್ದುಹೋಗಿ ತಾನೇ ತಂದುಕೊಟ್ಟಳು. ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಹೆಂಡತಿ, ಕೆಳಗೆ ಒಂದೇ ಗೆರೆ: ಮಗ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ತೆಗೆದಿದ್ದರು. ಜೊತೆಗೆ ಪಿನ್ ಹಾಕಿದ್ದ ಪ್ರಮಾಣಪತ್ರದಲ್ಲಿ, ಬೇರೆ ಮಕ್ಕಳಿಲ್ಲ ಎಂಬ ಸಾಲಿನ ಕೆಳಗೆ, ಅಮ್ಮನ ಸಹಿ ಇತ್ತು.

"ನಾನೆಲ್ಲಮ್ಮಾ ಇದರಲ್ಲಿ?"

"ಮದುವೆಯಾಗಿ ಹೋದೋರನ್ನ ಹಾಕಲ್ವಂತೆ. ಕಾಗ್ದ ಮಾಡ್ಸಿಕೊಟ್ಟ ಬ್ರೋಕರ್ ಹೇಳ್ದ. ನೀನು ಆ ಮನೆ ವಂಶದೋಳಲ್ವೇನೆ?"

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನನಗೂ ಗೊತ್ತು. ಆದರೆ 'ಆ ಮನೆ'ಯವರು ನನ್ನನ್ನು ಹೊರಗೆ ಹಾಕಿ ವರ್ಷಗಳೇ ಕಳೆದಿದ್ದವು. ಹಾಸಿಗೆ ಹಿಡಿದ ಅಪ್ಪನ ಹೇಲು ಉಚ್ಚೆ ಏಳು ತಿಂಗಳು ಬಾಚಿದಾಗ, ನಾನು ಯಾವ ವಂಶದವಳೆಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಬೇರೆ ಮಕ್ಕಳಿಲ್ಲ ಅಂತ ಬರೆದಿದೆ. ಓದಿದ್ಯಾ?"

ಅಮ್ಮ ಹುರುಳಿಕಾಯಿಯಿಂದ ತಲೆ ಎತ್ತಲಿಲ್ಲ. "ಓದ್ದೆ. ನೀನು ಕೇಳಲ್ಲ ಅಂದ್ಕೊಂಡೆ ಕಣೆ."

ತಮ್ಮ ಮೋಸ ಮಾಡಿದನೆಂದು ನಾಲ್ಕು ಬೈದು ಅರಗಿಸಿಕೊಳ್ಳಬಹುದಿತ್ತು. ಇವಳು ಓದಿಯೇ ಸಹಿ ಹಾಕಿದ್ದಳು. ವಿಲ್ ಎಲ್ಲಿ ಹೋಯಿತೆಂದು ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ, ಇವತ್ತಿಗೂ ಕೇಳಿಲ್ಲ.

ಮಾರನೆಯ ದಿನ ತಕರಾರು ಅರ್ಜಿ ಬರೆಸಲು ಕೂತೆ. ವಕೀಲೆ ಎದುರುದಾರರ ಹೆಸರು ಕೇಳಿದರು. ತಮ್ಮನ ಹೆಸರು ಹೇಳಿದೆ.

"ಸಹಿ ಹಾಕಿರೋದು ನಿಮ್ ತಾಯಿ. ಅವರನ್ನೂ ಸೇರಿಸ್ಬೇಕಾಗುತ್ತೆ."

ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ಆಮೇಲೆ ಅಮ್ಮನ ಹೆಸರು ಹೇಳಿದೆ.