ಇಡುವ ಬಟ್ಟೆಗೆ ಗಂಜಿ ಬೇಡ

ಈ ಅಂಕಣದಲ್ಲಿ ನಿಮಗೆ ಏನೇನೋ ಹೇಳಿದ್ದೇನೆ. ನನ್ನ ಮಂಡಿನೋವು, ಮೊಮ್ಮಗನ ಮೊಬೈಲು, ಪಿಂಚಣಿಗೆ ಹೋದಾಗ ತಲೆಮೇಲೆ ತಿರುಗದ ಫ್ಯಾನು, ಯಾವುದನ್ನೂ ಬಿಟ್ಟಿಲ್ಲ. ಒಂದನ್ನು ಮಾತ್ರ ಬರೆಯಲು ಕೂತಾಗಲೆಲ್ಲ ಪೆನ್ನಿಗೆ ಕ್ಯಾಪು ಹಾಕಿ ಎದ್ದಿದ್ದೇನೆ. ಮುಂದಿನ ವಾರ ನೋಡೋಣ, ಮುಂದಿನ ವಾರ ನೋಡೋಣ ಅನ್ನುತ್ತಲೇ ವರ್ಷಗಳು ಹೋದವು. ಕಳೆದ ಭಾನುವಾರ ಒಂದು ಸೀರೆ ನನ್ನನ್ನು ಹಿಡಿದು ಕೂರಿಸಿತು.

ಸೊಸೆಯ ಕಾಟನ್ ಸೀರೆ. ಬೀರುವಿನಿಂದ ತೆಗೆದು ಬಿಡಿಸಿದರೆ ಮಡಿಕೆಯುದ್ದಕ್ಕೂ ತೂತು.

"ಇಸ್ತ್ರಿ ಅಂಗಡಿಯವನದೇ ಕೆಲಸ ಇದು. ಕೆಂಡ ಹಾರಿಸಿದ್ದಾನೆ. ಈಗಲೇ ಫೋನ್ ಮಾಡಿ ಗ್ರಹಚಾರ ಬಿಡಿಸ್ತೀನಿ" ಎಂದಳು.

"ತಡಿಯಮ್ಮ" ಎಂದೆ. ಕನ್ನಡಕ ಹಾಕಿಕೊಂಡು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಂಡದ ತೂತಾದರೆ ಅಂಚು ಕಂದಿ ಗಟ್ಟಿಯಾಗಿರುತ್ತದೆ. ಇಲ್ಲಿ ಅಂಚು ಮೆತ್ತಗಿತ್ತು. ಸುತ್ತಲಿನ ಬಟ್ಟೆ ಯಾರೋ ಕೆರೆದ ಹಾಗೆ ಸವೆದು ಜಾಳಾಗಿತ್ತು. ಅಲ್ಲಲ್ಲಿ ಹಳದಿ ಕಲೆ.

"ಗಂಜಿ ಹಾಕಿಸಿ ಎಷ್ಟು ದಿನ ಇಟ್ಟಿದ್ದೆ?"

"ಯುಗಾದಿಯಿಂದ ಇದೆ ಮಾವ."

"ಬೀರು ತಳದ ಪೇಪರ್ ಎತ್ತು."

ಎತ್ತಿದಳು. ಬೆಳ್ಳಿ ಬಣ್ಣದ ನಾಲ್ಕೈದು ಹುಳಗಳು ಸಣ್ಣ ಮೀನಿನ ಹಾಗೆ ಜಾರಿ ಸಂದಿ ಸೇರಿದವು. (ಹಳೆಯ ಪುಸ್ತಕ ಬಿಡಿಸಿದಾಗ ನೀವೂ ಕಂಡಿರುತ್ತೀರಿ.) ಮೊಮ್ಮಗ "ತಾತ ಡಿಟೆಕ್ಟಿವ್!" ಎಂದು ಚಪ್ಪಾಳೆ ತಟ್ಟಿದ. ಸೊಸೆ ಕೈಯಲ್ಲಿದ್ದ ಫೋನು ಕೆಳಗಿಟ್ಟು ಕೇಳಿದಳು: "ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು ಮಾವ?"

ನಾನು ದಿನಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಮಲ್ಲಿಪಟ್ಟಣದವನು, ಎಸ್‌ಎಸ್‌ಎಲ್‌ಸಿ ಪಾಸಾಗಿ ಹೊಳೆನರಸೀಪುರದಲ್ಲಿ ಗುಮಾಸ್ತನಾಗಿದ್ದೆ. ಹನ್ನೆರಡು ಮನೆಗಳ ಒಂದು ಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ. ಆ ಹನ್ನೆರಡೂ ಮನೆಗಳ ಬಟ್ಟೆ ಒಗೆಯುತ್ತಿದ್ದವರು ಮಡಿವಾಳರ ಒಬ್ಬ ಹೆಂಗಸು. ಗಂಡ ತೀರಿಕೊಂಡಿದ್ದ. ಒಬ್ಬಳು ಮಗಳು, ಒಂದು ಕತ್ತೆ. ಸೋಮವಾರ ಬೆಳಿಗ್ಗೆ ಬಂದು ಬಟ್ಟೆ ಗಂಟು ಕಟ್ಟುವರು, ಹೇಮಾವತಿ ಹೊಳೆಯಲ್ಲಿ ಒಗೆದು ಗುರುವಾರ ತಂದು ಕೊಡುವರು. (ಆಗ ನಾನು ಅವರನ್ನು 'ಲೇ' ಅನ್ನುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. 'ಅವರು' ಅನ್ನುವ ಬುದ್ಧಿ ತಡವಾಗಿ ಬಂತು.)

ಅವರು ಬಟ್ಟೆ ಎಣಿಸುವುದನ್ನು ನೋಡಬೇಕಿತ್ತು. ಜಗಲಿಯ ಮೇಲೆ ಕೂತು ಒಂದೊಂದನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ಕೆಲವನ್ನು ಮೂಸಿ ಗಂಟಿಗೆ ಹಾಕುವರು. ಬಟ್ಟೆ ನೋಡಿದರೆ ಸಾಕು, ಆ ಮನೆಯಲ್ಲಿ ಯಾವ ಹುಳ ಎಲ್ಲಿ ಬಿಡಾರ ಹೂಡಿದೆ ಎಂದು ಅವರಿಗೆ ತಿಳಿಯುತ್ತಿತ್ತು.

ನಮ್ಮ ಎದುರು ಮನೆಯ ಮೇಷ್ಟ್ರು ತಮ್ಮಲ್ಲಿ ತಿಗಣೆಯೇ ಇಲ್ಲ ಎಂದು ಸಾರಿಕೊಂಡು ತಿರುಗುತ್ತಿದ್ದರು. ತಿಗಣೆ ಇಲ್ಲದ ಮನೆ! ಆ ಕಾಲದಲ್ಲಿ! ಡಿಡಿಟಿ ಹೊಡೆಯುವವರು ಬಂದು ಗೋಡೆಗಳಿಗೆಲ್ಲ ಹೊಡೆದು ಹೋಗುತ್ತಿದ್ದರು. ಸೊಳ್ಳೆ ಕಡಿಮೆಯಾಗುತ್ತಿತ್ತು, ತಿಗಣೆ ಜಗ್ಗುತ್ತಿರಲಿಲ್ಲ. ಒಂದು ಸೋಮವಾರ ಈಯಮ್ಮ ಮೇಷ್ಟ್ರ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಕಿವಿಯ ಹತ್ತಿರ ಹೇಳಿದ್ದು ನನ್ನ ಕಿಟಕಿಗೆ ಕೇಳಿಸಿತು.

"ಅವ್ವಾ, ಮಂಚದ ತಲೆದೆಸೆ ಎಡಗಾಲು. ಆ ಸಂದಿಗೆ ಕುದಿಯೋ ನೀರ್ ಉಯ್ರಿ."

"ಅಯ್ಯೋ, ನಿನಗೆ ಹೇಗೆ ಗೊತ್ತಾಯ್ತೇ?"

"ದುಪ್ಪಟಿ ಯೋಳ್ತಲ್ಲ. ರಕ್ತದ ಚುಕ್ಕಿ ಎಲ್ಲಾ ಒಂದೇ ಮೂಲೇಲದೆ. ತಿಗಣೆ ದೂರ ಓಗಾಕಿಲ್ಲ ಕಣವ್ವಾ. ಉಂಡ ತಕ್ಸಣ ಮನೆ ಸೇರ್ಕತದೆ, ನಮ್ಮಂಗೆ ಊರೆಲ್ಲಾ ಸುತ್ತಾಕಿಲ್ಲ."

ಕುದಿಯುವ ನೀರು ಹೋಯಿತು. ಮುಂದಿನ ವಾರದಿಂದ ಮೇಷ್ಟ್ರು ಹೇಳಿಕೊಳ್ಳುತ್ತಿದ್ದುದು ನಿಜವಾಯಿತು.

ನನ್ನ ಮನೆ ಮಾಲೀಕರ ಹೆಂಡತಿ, ಬೀದಿಗೆಲ್ಲ ಅವರೇ ದೊಡ್ಡಮ್ಮ, ಒಂದು ಸಲ ಚಿಂದಿಯಾದ ರವಿಕೆ ಹಿಡಿದು ಅತ್ತರು. ಇಲಿ ಕಡಿದಿತ್ತು. ಈಯಮ್ಮ ಅದನ್ನು ತಿರುಗಿಸಿ ನೋಡಿ, "ಇದು ಒಟ್ಟೆಪಾಡಿಗೆ ಕಡ್ದಿದ್ದಲ್ಲ ಅಮ್ಮಾವ್ರೆ. ಚೂರೆಲ್ಲ ಒತ್ಕಂಡ್ ಓಗದೆ. ಬಸುರಿ ಇಲಿ. ಮರಿಗೆ ಆಸ್ಗೆ ಮಾಡ್ಕತಾ ಅದೆ. ಗ್ವಾಡೆ ಪಕ್ಕದಾಗೇ ಓಡಾಡಿರ್ತದೆ, ಗ್ವಾಡೆ ಇಡ್ಕಂಡೇ ಉಡುಕಿ" ಎಂದರು. ಗೋಡೆಯಂಚು ಹಿಡಿದು ಹೋದರೆ ಸೌದೆಯ ಹಿಂದೆ ಆ ರವಿಕೆಯ ಚೂರುಗಳ ಮೇಲೆ ಏಳು ಕೆಂಪು ಮರಿ.

ನನ್ನ ಶಾಲು ಕೊರಳ ಹತ್ತಿರ ಮಾತ್ರ ಜರಡಿಯಾಗಿತ್ತು. ಉಣ್ಣೆಯೇ ಬೇಕು ನುಸಿಗೆ, ಅದರಲ್ಲೂ ಬೆವರು ಹತ್ತಿದ ಜಾಗ. ಒಗೆದು ಒಣಗಿಸಿ, ತಿಂಗಳಿಗೊಮ್ಮೆ ಬಿಸಿಲು ಕಾಣಿಸಿದರೆ ಅದು ಅಲ್ಲಿ ನಿಲ್ಲುವುದಿಲ್ಲ. ಇದೂ ಅವರೇ ಹೇಳಿದ್ದು. "ಎಲ್ಲಿ ಕಲಿತೆ ಇದನ್ನೆಲ್ಲ?" ಎಂದು ಕೇಳಿದ್ದೆ. "ನೀವು ಕಾಗ್ದ ಓದ್ತೀರಿ ಸಾ, ನಾನು ಬಟ್ಟೆ ಓದ್ತೀನಿ" ಎಂದು ನಕ್ಕಿದ್ದರು.

ಇನ್ನೊಂದನ್ನು ಹೇಳಲೇಬೇಕು. ಒಂದು ಮನೆಯ ಹುಳದ ಸುದ್ದಿ ಇನ್ನೊಂದು ಮನೆಗೆ ದಾಟುತ್ತಿರಲಿಲ್ಲ. ದೊಡ್ಡಮ್ಮ ಎಷ್ಟು ಸಲ ಕೆದಕಿದರೋ! "ಮೇಷ್ಟ್ರ ಮನೇಲಿ ತಿಗಣೆ ಅಂತಲ್ಲೇ, ನಿಜವೇನೇ?" ಈಯಮ್ಮನ ಉತ್ತರ ಒಂದೇ: "ನಂಗೇನ್ ಗೊತ್ತು ಅಮ್ಮಾವ್ರೆ? ನಾನ್ ಒಗ್ಯೋಳು." ನನ್ನ ಹತ್ತಿರ ಅಷ್ಟು ಸುದ್ದಿ ಇದ್ದಿದ್ದರೆ ಸಂಜೆಯೊಳಗೆ ಬೀದಿಯ ಹನ್ನೆರಡೂ ಮನೆಗೆ ಹಂಚಿಬಿಡುತ್ತಿದ್ದೆ. ನೀವು?

ಈಗ ನನ್ನ ವಿಷಯಕ್ಕೆ ಬರುತ್ತೇನೆ. (ತಪ್ಪಿಸಿಕೊಳ್ಳಲು ಇನ್ನು ಜಾಗ ಉಳಿದಿಲ್ಲ.)

ನನ್ನ ಬಳಿ ಇದ್ದದ್ದು ಒಂದೇ ಒಳ್ಳೆಯ ಉಡುಪು. ಹಾಸನದಲ್ಲಿ ಹೊಲಿಸಿದ ಬಿಳಿ ಡ್ರಿಲ್ ಕೋಟು. ಅದಕ್ಕೆ ಎಂಥ ಗಂಜಿ ಬೇಕಿತ್ತು ಗೊತ್ತೆ? ಕೋಟು ನನ್ನನ್ನು ಬಿಟ್ಟು ತಾನೇ ಎದ್ದು ನಿಲ್ಲಬೇಕು, ಅಂಥದ್ದು. ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿ, ಮುಂದೊಂದು ಮುಖ್ಯ ದಿನಕ್ಕೆಂದು ಟ್ರಂಕಿನಲ್ಲಿ ಇಡುವುದು ನನ್ನ ಶೋಕಿ.

"ಇಡೋ ಬಟ್ಟೆಗೆ ಗಂಜಿ ಬ್ಯಾಡ ಸಾ" ಎಂದಿದ್ದರು ಅವರು. "ಆಕ್ಕಳೋ ಇಂದ್ಲ ದಿನ ಯೋಳಿ, ಆಗ ಆಕ್ಕೊಡ್ತೀನಿ. ಗಂಜಿ ಅಂದ್ರೆ ಅನ್ನ ಕಣ್ ಸಾ. ಪೆಟ್ಗೇಲಿ ಅನ್ನ ಇಟ್ಟು ಬೀಗ ಆಕುದ್ರೆ ಉಣ್ಣಾಕೆ ಯಾರಾದ್ರೂ ಬಂದೇ ಬತ್ತಾರೆ."

"ನಿನ್ನ ಕೆಲಸ ನೀನು ನೋಡು" ಎಂದೆ. ಹಾಕಿಕೊಟ್ಟರು.

ನಾಲ್ಕು ತಿಂಗಳ ಮೇಲೆ ಆ ಮುಖ್ಯ ದಿನ ಬಂತು. ದಂಡಿಗನಹಳ್ಳಿಗೆ ಹೆಣ್ಣು ನೋಡಲು ಹೋಗಬೇಕು. ಅಂದು ಸೋಮವಾರ. ನನ್ನನ್ನು ಹೊರಡಿಸಲು ದೊಡ್ಡಮ್ಮ, ಮೇಷ್ಟ್ರು, ಅಕ್ಕಪಕ್ಕದವರೆಲ್ಲ ಜಗಲಿಗೆ ಬಂದಿದ್ದರು. ಅವರ ಎದುರಿಗೇ ಠೀವಿಯಿಂದ ಕೋಟು ಒದರಿದೆ. ಕಾಲರು, ತೋಳಿನ ಅಂಚು, ಗುಂಡಿಯ ಪಟ್ಟಿ, ಎಲ್ಲೆಲ್ಲಿ ಗಂಜಿ ದಪ್ಪವಾಗಿತ್ತೋ ಅಲ್ಲೆಲ್ಲ ತೂತು. ಒಂದರೊಳಗೆ ನನ್ನ ಹೆಬ್ಬೆರಳು ತೂರಿತು.

ಯಾರೋ ಕಿಸಕ್ಕೆಂದರು. ನನಗೆ ಅಷ್ಟು ಸಾಕಾಯಿತು.

ಅದೇ ಹೊತ್ತಿಗೆ ಬಟ್ಟೆಗೆಂದು ಬಂದ ಆಕೆಯ ಕಾಲಬಳಿ ಕೋಟು ಎಸೆದೆ. "ಏನೇ ಇದು? ಯಾವ ಮದುವೆ ದಿಬ್ಬಣಕ್ಕೆ ಬಾಡಿಗೆ ಬಿಟ್ಟಿದ್ದೆ? ಬೀಡಿ ಕಿಡಿ ಬೀಳಿಸಿಕೊಂಡು, ಮಡಿಸಿ ಮುಚ್ಚಿ ತಂದು ಕೊಟ್ಟಿದ್ದೀಯ!"

ಅವರು ಕೋಟನ್ನು ಎತ್ತಿ ಧೂಳು ಕೊಡವಿದರು. ಬೆಳಕಿಗೆ ಹಿಡಿದರು. ಮೂಸಿದರು. ಆಮೇಲೆ ನನ್ನ ಹತ್ತಿರ ಬಂದು, ಮೇಷ್ಟ್ರ ಹೆಂಡತಿಗೆ ಹೇಳಿದ್ದ ಅದೇ ಮೆಲುದನಿಯಲ್ಲಿ ಹೇಳಿದರು.

"ಬೆಂಕಿ ಅಲ್ಲ ಸಾ. ಜಿರ್ಲೆ. ನಾತ ಬತ್ತಾ ಅದೆ ನೋಡಿ. ಕಾಪಿ ಪುಡಿಯಂಗೆ ಇಕ್ಕೆನೂ ಅದೆ. ಪೆಟ್ಗೆ ತಳದ ಪೇಪರ್ ಎತ್ತಿ ನೋಡಿ, ಉಳ್ಳಿಕಾಳಂಗೆ ಮೊಟ್ಟೆ ಸಿಕ್ತವೆ."

ಟ್ರಂಕು ಅಲ್ಲೇ ಬಾಗಿಲೊಳಗೆ ತೆರೆದಿತ್ತು. ಅದರೊಳಗೆ ನನ್ನ ಅಮ್ಮ ಮಲ್ಲಿಪಟ್ಟಣದಿಂದ ಕಳಿಸಿದ್ದ ಚಕ್ಕುಲಿ, ಕೊಬ್ಬರಿ ಮಿಠಾಯಿ ಇದ್ದವು. ದೊಡ್ಡಮ್ಮನ ಮನೆಯ ಮಕ್ಕಳಿಗೆ ಒಂದು ಚೂರೂ ಕೊಡದೆ ಒಬ್ಬನೇ ತಿನ್ನುತ್ತಿದ್ದೆ. ಪೇಪರ್ ಎತ್ತಬೇಕಾದರೆ ಮೊದಲು ಅವೇ ಹೊರಬರಬೇಕು. ಆ ಜನರ ಮುಂದೆ! ನಾನು ಏನು ಮಾಡಿದೆ? ಮುಚ್ಚಳ ಹಾಕಿ ಟ್ರಂಕಿನ ಮೇಲೆ ಕೂತೆ.

"ಕೋಟು ಸುಟ್ಟಿದ್ದಲ್ಲದೆ ಈಗ ನನ್ನ ಪೆಟ್ಟಿಗೆ ಬೇರೆ ಶೋಧಿಸಬೇಕೇನೇ? ಬಾಡಿಗೆಗೆ ಬಿಡುವವಳ ಕೈಗೆ ಬಟ್ಟೆ ಕೊಡ್ತೀರಲ್ಲ, ನೀವೂ ನಿಮ್ಮನಿಮ್ಮ ಬಟ್ಟೆ ನೋಡಿಕೊಳ್ಳಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ದೊಡ್ಡಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಅದಕ್ಕೇ ನನ್ನ ರೇಷ್ಮೆ ಸೀರೆ ಹೋದ ಸಲ ಬಣ್ಣಗೆಟ್ಟಿದ್ದು!"

ಈಯಮ್ಮ ಒಮ್ಮೆ ನನ್ನನ್ನು, ಒಮ್ಮೆ ನಾನು ಕೂತಿದ್ದ ಟ್ರಂಕನ್ನು ನೋಡಿದರು. ಜಗಲಿಯ ಮೇಲೆ ನಿಂತಿದ್ದ ಒಂದೊಂದು ಮುಖವನ್ನೂ ನೋಡಿದರು. ಆ ಪ್ರತಿಯೊಂದು ಮನೆಯ ತಿಗಣೆ, ಇಲಿ, ಗೆದ್ದಲು ಅವರಿಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಒಬ್ಬರಾದರೂ ಅಲ್ಲಿ ತಲೆಯೆತ್ತಿ ನಿಲ್ಲುತ್ತಿದ್ದರೇ?

"ಆಯ್ತು ಬುಡಿ ಸಾ" ಎಂದರು. ಖಾಲಿ ಗಂಟಿನ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋದರು.

ನಾನು ಮೇಷ್ಟ್ರ ಕೋಟು ತೊಟ್ಟು ದಂಡಿಗನಹಳ್ಳಿಗೆ ಹೋದೆ. ನನ್ನಂಥ ಇಬ್ಬರು ಹಿಡಿಯುವಷ್ಟು ದೊಗಳೆ. ಹೆಣ್ಣು ಅದನ್ನು ನೋಡಿ ನಕ್ಕಳು, ಒಪ್ಪಿದಳು, ಐವತ್ತು ವರ್ಷ ಜೊತೆಗೆ ಬಾಳಿದಳು. ಅಂದರೆ ಆ ಕೋಟಿನಿಂದ ನನಗೆ ಆದ ನಷ್ಟವೇನು? ಏನೂ ಇಲ್ಲ.

ಮಾರನೆಯ ದಿನ ಸಂಜೆ ಕೋಣೆಯ ಬಾಗಿಲು ಹಾಕಿ ಟ್ರಂಕಿನ ತಳದ ಪೇಪರ್ ಎತ್ತಿದೆ. ಮೂಲೆಯಲ್ಲಿ ಐದಾರು ಇದ್ದವು. ಕಂದು ಬಣ್ಣ, ಮಿರಿಮಿರಿ ಹೊಳಪು. ಹುರುಳಿಕಾಳಿನ ಹಾಗೆ. ಅವರು ಹೇಳಿದ ಹಾಗೇ, ಅವರು ಹೇಳಿದ ಜಾಗದಲ್ಲೇ. ಒಂದು ಬಿರಿದು ಖಾಲಿಯಾಗಿತ್ತು.

ದೊಡ್ಡಮ್ಮನ ಮನೆ ಹದಿನೈದು ಹೆಜ್ಜೆ ದೂರ. 'ನಂದೇ ತಪ್ಪು, ಜಿರಲೆ ತಿಂದಿದ್ದು' ಎಂದರೆ ಮುಗಿಯುತ್ತಿತ್ತು. ನಾನು ಆ ಮೊಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ ಬಚ್ಚಲ ಒಲೆಗೆ ಹಾಕಿದೆ. ಚಟಪಟ ಎಂದವು.

ಮುಂದಿನ ಸೋಮವಾರ ದೊಡ್ಡಮ್ಮ ಬಟ್ಟೆ ಕೊಡಲಿಲ್ಲ. ಅದರ ಮುಂದಿನ ಸೋಮವಾರ ಇನ್ನೆರಡು ಮನೆ. ಕಿಟಕಿಯಿಂದ ನೋಡುತ್ತಿದ್ದೆ. ಬಾಗಿಲಲ್ಲಿ ನಿಂತು "ಬಟ್ಟೆ ಅವ್ವಾ" ಅನ್ನುವರು, ಒಳಗಿನಿಂದ "ಈ ವಾರ ಇಲ್ಲ" ಎಂದು ಬರುವುದು. ಕೊನೆಗೆ ಉಳಿದದ್ದು ಮೇಷ್ಟ್ರ ಮನೆ ಒಂದೇ. ಒಂದು ಮನೆಯ ಬಟ್ಟೆಗೆ ಕತ್ತೆ ಯಾಕೆ? ದೀಪಾವಳಿ ಆದಮೇಲೆ ಅವರು ಬರಲೇ ಇಲ್ಲ.

ನಾನು ಗಂಜಿ ಬಿಟ್ಟೆ. ಪ್ರಾಯಶ್ಚಿತ್ತ ಎಂಬ ದೊಡ್ಡ ಮಾತು ಬೇಡ. ಗಂಜಿಯ ಪಾತ್ರೆ ಕಂಡರೆ ಆ ಮೊಟ್ಟೆಗಳ ಸದ್ದು ಕೇಳುತ್ತಿತ್ತು, ಅಷ್ಟೆ. ಆಫೀಸಿನಲ್ಲಿ ನನ್ನನ್ನು ಸರಳ ಮನುಷ್ಯ ಎಂದು ಹೊಗಳಿದರು. ಆ ಹೊಗಳಿಕೆಯನ್ನೂ ಜೇಬಿಗೆ ಹಾಕಿಕೊಂಡೆ.

ಐದಾರು ವರ್ಷ ಕಳೆಯಿತು. ಹಾಸನಕ್ಕೆ ವರ್ಗವಾಗಿತ್ತು. ಚನ್ನರಾಯಪಟ್ಟಣದಿಂದ ಬರುತ್ತಿದ್ದ ನಮ್ಮ ಬಸ್ಸು ಶಾಂತಿಗ್ರಾಮದಲ್ಲಿ ಟೀ ಕುಡಿಯಲು ನಿಂತಿತು. ಇಳಿದು ಮರದ ನೆರಳಿಗೆ ಹೋದರೆ, ಎದುರಿಗೇ ಬಟ್ಟೆ ಗಂಟು ಹೊತ್ತು ಅವರು. ಕೂದಲು ಬೆಳ್ಳಗಾಗಿತ್ತು. ಓಡಿಹೋಗೋಣ ಅನ್ನಿಸಿತು. ಅಷ್ಟರಲ್ಲಿ ಗುರುತು ಹಿಡಿದುಬಿಟ್ಟರು.

"ಚೆನ್ನಾಗಿದೀರಾ ಸಾ? ಮಗ್ಳುನ್ನ ಇಲ್ಲಿಗೇ ಕೊಟ್ಟಿವ್ನಿ. ಒಳೆ ಬುಟ್ಟು ಕೆರೆಗೆ ಬಂದ್ಬುಟ್ಟೆ." ನಕ್ಕರು. ಮೂರು ಊರಿನ ಕೊಳೆ ಒಂದೇ ಕೆರೆಯಲ್ಲಿ ಒಗೆಯಬೇಕು, ಹೊಳೆಯ ನೀರಿನ ಸುಖ ಇಲ್ಲಿಲ್ಲ ಎಂದರು. ದೂರಿನ ದನಿಯಲ್ಲ, ಸುಮ್ಮನೆ ಹೇಳಿದರು.

ಆಮೇಲೆ ಅವರ ಕಣ್ಣು ನನ್ನ ಕಾಲರಿಗೆ ಹೋಯಿತು. ಅಲ್ಲೇ ನಿಂತಿತು. ಕಾಲರು ಮೆತ್ತಗೆ ಮಡಿಚಿಕೊಂಡಿತ್ತು. ತೋಳನ್ನು ನೋಡಿದರು, ಗುಂಡಿಪಟ್ಟಿಯನ್ನು ನೋಡಿದರು. ಅವರು ಬಟ್ಟೆ ಓದುವವರು ಎಂಬುದನ್ನು ನಾನು ಮರೆತಿದ್ದೆ.

"ಗಂಜಿ ಬುಟ್ಬುಟ್ರಾ ಸಾ?"

"ಹ್ಞೂಂ. ಬಿಟ್ಟೆ."

"ಪೇಪರ್ ಎತ್ತಿ ನೋಡುದ್ರಿ ಅನ್ನಿ."

ಅಷ್ಟೇ ಹೇಳಿದ್ದು. ಸಿಟ್ಟಿಲ್ಲ, ಚುಚ್ಚುಮಾತಿಲ್ಲ. ಮೇಷ್ಟ್ರ ಮನೆಯ ಮಂಚದ ಕಾಲಿನ ಬಗ್ಗೆ ಮಾತಾಡಿದ ಅದೇ ಮೆಲುದನಿ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನಿಗೂ ಕೇಳಿಸಲಿಲ್ಲ. ನನ್ನ ಮನೆಯ ಹುಳದ ಸುದ್ದಿಯನ್ನೂ ಅವರು ಯಾರಿಗೂ ದಾಟಿಸಿರಲಿಲ್ಲ. 'ತಪ್ಪಾಯ್ತು' ಎಂಬ ಮಾತು ಗಂಟಲವರೆಗೆ ಬಂತು. ಕಂಡಕ್ಟರ್ ಸೀಟಿ ಊದಿದ. ಹಾಳು ಸೀಟಿ. ನಾನು ಕಾಯುತ್ತಿದ್ದದ್ದೂ ಅದನ್ನೇ ಏನೋ, ಓಡಿ ಬಸ್ಸು ಹತ್ತಿದೆ.

ಕಿಟಕಿಯಿಂದ ತಿರುಗಿ ನೋಡಿದೆ. ಕೆರೆಯ ಕಡೆಯಿಂದ ಯಾರೋ ಹೆಂಗಸು ಅವರನ್ನು ಕೂಗಿ ಕರೆಯುತ್ತಿದ್ದಳು. ಅಷ್ಟು ವರ್ಷ ನನ್ನ ಬೆವರು ಒಗೆದವರ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಇಸ್ತ್ರಿ ಅಂಗಡಿಯವನು ಮೊನ್ನೆ ಎಂದಿನಂತೆ ಬಂದು ಬಟ್ಟೆ ತೆಗೆದುಕೊಂಡು ಹೋದ. ತನ್ನ ಗ್ರಹಚಾರ ಯಾರಿಂದ ತಪ್ಪಿತು ಎಂದು ಅವನಿಗೆ ಗೊತ್ತಿಲ್ಲ. ಸೊಸೆಯೂ ಮತ್ತೆ ಕೇಳಿಲ್ಲ. ಆದರೂ ಅವಳು ಈ ಅಂಕಣ ಓದುತ್ತಾಳೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾರು ಹೇಳಿಕೊಟ್ಟರು ಮಾವ ಎಂದೆಯಲ್ಲಮ್ಮ?

ಚಿಕ್ಕತಾಯಮ್ಮ.