ಗಿಣಿಗೇರಿಯಿಂದ ತೋರಣಗಲ್ಲಿಗೆ ಆಕಾಶದ ಹಾದಿ

ಗಿಣಿಗೇರಿಯ ಹನುಮಂತಪ್ಪನಿಗೆ ಗೊತ್ತಿದ್ದದ್ದು ಸರಪಳಿ ಎಳೆಯುವುದೊಂದೇ. ಮೂವತ್ತು ಮೀಟರಿನ ಕಬ್ಬಿಣದ ಸರಪಳಿ ನೆಲದ ಮೇಲೆ ಮಲಗದ ಹೊರತು ಯಾವ ದೂರವನ್ನೂ ಅವನು ಒಪ್ಪಿದವನಲ್ಲ. ಚಂದ್ರ ಇಷ್ಟು ದೂರ ಐತಿ ಅಂತ ಯಾರಾದರೂ ಹೇಳಿದರೆ, ಆ ಕಡೆ ತುದಿ ಹಿಡಿದವರು ಯಾರು ಅಂತ ಕೇಳುತ್ತಿದ್ದ. ಕೊಪ್ಪಳದ ಒಂದು ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದಿನಗೂಲಿ. ಮಷೀನು ಬಂದ ಮೇಲೆ ಸರಪಳಿ ಗೋಡೆಯ ಮೊಳೆಗೆ ಏರಿತು, ಹನುಮಂತಪ್ಪ ಕಸಬರಿಗೆಗೆ ಇಳಿದ. ಆದರೂ ಕಾಯಂ ಆರ್ಡರು ಇವತ್ತು ಬಂತು, ನಾಳೆ ಬಂತು ಅನ್ನುವ ಆಸೆ ಮಾತ್ರ ಸವೆದಿರಲಿಲ್ಲ.

ಗುಮಾಸ್ತ ಗಾಳೇಶನಿಗೆ ಅದು ಗೊತ್ತಿತ್ತು. ಒಂದು ಮಧ್ಯಾಹ್ನ ಹೊತ್ತು ಹೋಗದೆ ಕರೆದ. ಗಿಣಿಗೇರಿಯ ಏರ್‌ಸ್ಟ್ರಿಪ್ಪಿನಿಂದ ತೋರಣಗಲ್ಲಿನ ವಿಮಾನ ನಿಲ್ದಾಣಕ್ಕೆ ಆಕಾಶದ ಹಾದಿ ಎಷ್ಟು, ಹೋಗಲು ಎಷ್ಟು ಹೊತ್ತು ಅಂತ ಮೇಲಿನವರು ಕೇಳಿದ್ದಾರೆ, ಅಳೆದು ತಂದವನ ಹೆಸರು ಕಾಯಂ ಪಟ್ಟಿಯಲ್ಲಿ ಮೊದಲು ಅಂದ. ನಕಾಶೆಯ ಮೇಲೆ ಸ್ಕೇಲಿಟ್ಟು ಗೆರೆಯನ್ನೂ ಎಳೆದುಕೊಟ್ಟ. ಹಿಂದೆ ಕೂತವರು ನಗು ತಡೆಯಲಾಗದೆ ಫೈಲು ಕಚ್ಚಿ ಹಿಡಿದಿದ್ದರು.

ಸರಪಳಿಯ ಇನ್ನೊಂದು ತುದಿಗೆ ಹೆಂಡತಿ ಹುಲಗೆಮ್ಮ ನಾಟಿ ಕೂಲಿ ಬಿಟ್ಟು ಬಂದಳು. ವಿಮಾನ ಸುತ್ತಿ ಬಳಸಿ ಹೋಗುವುದಿಲ್ಲವಲ್ಲ, ಇವರೂ ಬಳಸಲಿಲ್ಲ. ಅಡ್ಡ ಬಂದ ಮನೆಯ ಮುಂಬಾಗಿಲಲ್ಲಿ ಹೊಕ್ಕು ಹಿತ್ತಲಲ್ಲಿ ಹೊರಟರು. ಉಣ್ಣಲು ಕೂತವರು ರೊಟ್ಟಿ ಎತ್ತಿ ಸರಪಳಿಗೆ ದಾರಿ ಬಿಟ್ಟರು. ಬಾಳೆತೋಟದವನು ಕಳ್ಳನೆಂದು ಬಾರಿಸಿದಾಗ ಹನುಮಂತಪ್ಪ ಅಷ್ಟೂ ಏಟು ತಿಂದ, ಸರಪಳಿಯ ಗೂಟದ ಮೇಲಿನ ಕಾಲು ಮಾತ್ರ ಕದಲಿಸಲಿಲ್ಲ. ಮುನಿರಾಬಾದಿನ ಕೆಳಗೆ ಹೊಳೆಯಲ್ಲಿ ಸರಪಳಿಗೆ ಎಣ್ಣೆ ಡಬ್ಬಿ ಕಟ್ಟಿ ತೇಲಿಸಿ, ಹರಿಗೋಲಿನಲ್ಲಿ ಕೂತು ಅಳೆದರು. ಆಚೆಯ ಗುಡ್ಡದಲ್ಲಿ ಹುಲಗೆಮ್ಮನಿಗೆ ಜಾಲಿಮುಳ್ಳು ನಟ್ಟು ಪಾದ ಕುಂಬಳಕಾಯಿಯಾಯಿತು. ಉಳಿದ ದಾರಿ ಕುಂಟಿಕೊಂಡೇ ಎಳೆದಳು.

ಹನ್ನೆರಡನೆಯ ದಿನ ಹನುಮಂತಪ್ಪ ಗಾಳೇಶನ ಮುಂದೆ ನಿಂತ. "ಸಾವಿರದ ಆರುನೂರಾ ಮೂವತ್ತಮೂರು ಸರಪಳಿ, ಮ್ಯಾಲ ಹದಿನಾರು ಮೀಟರ್ ರೀ. ಒಟ್ಟು ನಲವತ್ತೊಂಬತ್ತು ಕಿಲೋಮೀಟರ್, ಆರು ಮೀಟರ್."

"ಟೈಮು?"

"ನಮಗ ಹನ್ನೊಂದು ದಿನ ಹಿಡೀತ್ರಿ. ವಿಮಾನಕ್ಕ ಮುಳ್ಳು ನಡಂಗಿಲ್ಲ, ಜಲ್ದಿ ಹೋದೀತು."

ಗಾಳೇಶ ಮೊಬೈಲಿನಲ್ಲಿ ನಕಾಶೆ ತೆಗೆದು ಎರಡು ಊರಿನ ಮೇಲೆ ಬೆರಳೊತ್ತಿದ. ಒಂದು ಸಲ ಸೀನುವಷ್ಟರಲ್ಲಿ ಉತ್ತರ ಬಂತು: ನಲವತ್ತೊಂಬತ್ತು ಕಿಲೋಮೀಟರು, ಒಂಬತ್ತು ನಿಮಿಷ. ಕಚೇರಿಯ ನಗುವಿಗೆ ಗೋಡೆಯ ಸುಣ್ಣ ಉದುರಿತು.

ಹನುಮಂತಪ್ಪ ಆ ಅಂಕಿಯನ್ನೇ ನೋಡಿದ. ಮುಖ ಅರಳಿತು. "ಹಂಗಾರ ನಂದು ಕೂಡಿತಲ್ರಿ."

ಗಾಳೇಶ ಬಿಡುವ ಆಸಾಮಿಯಲ್ಲ. "ಎಲ್ಲಿ ಕೂಡೇತೋ? ಆರು ಮೀಟರ್ ಹೆಚ್ಚೈತಿ. ತಪ್ಪು ಅಳಿಯೋರನ್ನ ಕಾಯಂ ಮಾಡಂಗಿಲ್ಲ. ತಿಂಗಳೊಳಗ ಸರಿ ಮಾಡ್ಕೊಂಡು ಬಾ."

ಹೊರಗೆ ಮೆಟ್ಟಿಲ ಮೇಲೆ ಹುಲಗೆಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ನಿನ್ನ ಆಡಸಾಕತ್ತಾರ, ತಿಳೀವಲ್ದೇನು?" ಅಂದಳು.

"ಹೊಳ್ಯಾಗ ಸರಪಳಿ ಜೋಲು ಬಿದ್ದಿರಬೇಕು," ಅಂದ ಅವನು.

ಅವಳ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಮರುದಿನ ಅವನೊಬ್ಬನೇ ಮೊದಲಿನಿಂದ ಅಳೆಯಲು ಹೋದ. ಒಂದು ತುದಿಗೆ ಗೂಟ ಹೊಡೆಯುವುದು, ಎಳೆದುಕೊಂಡು ಹೋಗಿ ಗುರುತು ಹಾಕುವುದು, ತಿರುಗಿ ಬಂದು ಗೂಟ ಕೀಳುವುದು, ಮತ್ತೆ ಮುಂದಕ್ಕೆ. ಒಂದು ಸರಪಳಿಗೆ ಮೂರು ಸಲ ನಡಿಗೆ. ಬಸ್ಸಿನ ಕಿಟಕಿಯಿಂದ ಗಾಳೇಶ ಅದನ್ನು ವಿಡಿಯೊ ಮಾಡಿ ಕಚೇರಿಯವರಿಗೆಲ್ಲ ಕಳಿಸಿದ. ಸಂಜೆಯಾದರೂ ಹನುಮಂತಪ್ಪ ಇನ್ನೂ ಗಿಣಿಗೇರಿ ದಾಟಿರಲಿಲ್ಲ.